ಕೈಗೆ ಸುತ್ತಿದ ಹಗ್ಗ

ನನ್ನ ತಮ್ಮ ತೀರಿಕೊಂಡಾಗ ಊರಿನವರು ನಮ್ಮ ಅಂಗಳದಲ್ಲಿ ನಿಂತು ಮೊದಲು ಆಡಿದ್ದು ಸಮಾಧಾನದ ಮಾತಲ್ಲ. ಬೀಜಾಡಿಯ ಗಂಡು, ಕಡಲಲ್ಲಿ ಆಡಿ ಬೆಳೆದವನು, ಹೋಗಿ ಹೋಗಿ ಹೊಳೆಯಲ್ಲಿ ಮುಳುಗಿದನಲ್ಲ ಎಂದರು. ಬಸ್ಸಿಗೆ ಸಿಕ್ಕಿ ಸತ್ತಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಮೀನುಗಾರನ ಮಗ ಸಿಹಿ ನೀರಲ್ಲಿ ಸಾಯುವುದೆಂದರೆ ಮರ್ಯಾದೆ ಹೋಗುವ ಸಂಗತಿ ಎನ್ನುವ ಹಾಗೆ ಮಾತಾಡಿದರು. ಚಾ ಲೋಟ ಹಿಡಿದು ಅವರ ನಡುವೆ ಓಡಾಡುತ್ತಿದ್ದ ನನಗೆ ಲೋಟಗಳನ್ನೆಲ್ಲ ಅವರ ಕಾಲ ಬುಡಕ್ಕೇ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ನಾನು ಹೆಚ್ಚು ಮಾತಿನವಳಲ್ಲ. ಕುಂದಾಪುರದಲ್ಲಿ ಪಿಯುಸಿ ಮುಗಿಸಿ, ಮದುವೆಯಾಗಿ ಹೆಮ್ಮಾಡಿಗೆ ಹೋಗಿ, ಹೊಲಿಗೆ ಮಿಷನ್ನು ತುಳಿದುಕೊಂಡು ಇರುವವಳು. ಸಿಟ್ಟು ಬಂದರೆ ಇನ್ನಷ್ಟು ಸುಮ್ಮನಾಗುವುದು ನನ್ನ ಅಭ್ಯಾಸ.

ನಡೆದದ್ದು ಇಷ್ಟು. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲ. ಆ ತಿಂಗಳುಗಳಲ್ಲಿ ನಮ್ಮ ಕಡೆಯ ಹುಡುಗರು ಸಿಕ್ಕಿದ ಕೆಲಸಕ್ಕೆ ಹೋಗುತ್ತಾರೆ. ಹೋದ ಮಳೆಗಾಲದಲ್ಲಿ ತಮ್ಮ ಬ್ರಹ್ಮಾವರದಿಂದ ಒಳಗೆ, ಘಟ್ಟದ ಬುಡದಲ್ಲಿ, ರಾಫ್ಟಿಂಗ್ ನಡೆಸುವ ಒಂದು ಕ್ಯಾಂಪಿಗೆ ಸೇರಿದ. ನದಿಯ ಹೆಸರು ಬರೆಯುವುದಿಲ್ಲ, ಅದರ ತಪ್ಪೇನಿಲ್ಲ. ಮಳೆ ಬಂದಾಗ ಅದು ಎರಡು ಕಡೆ ಕಡಿದಾದ ಬಂಡೆಗಳ ಕಮರಿಯಲ್ಲಿ ನೊರೆ ಕಾರುತ್ತಾ ಇಳಿಯುತ್ತದೆ. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಪೇಟೆಯವರನ್ನು ಕೂರಿಸಿ ಆ ನೊರೆಯ ಮೇಲೆ ಇಳಿಸುವುದು ಕ್ಯಾಂಪಿನವರ ವ್ಯಾಪಾರ. ಇಳಿಜಾರು ಜೋರಿರುವ ಕಡೆ ಒಬ್ಬ ಬಂಡೆಯ ಮೇಲೆ ಹಗ್ಗದ ಚೀಲ ಹಿಡಿದು ನಿಂತಿರಬೇಕು, ದೋಣಿಯಿಂದ ಯಾರಾದರೂ ಬಿದ್ದರೆ ಹಗ್ಗ ಎಸೆದು ಎಳೆಯಬೇಕು. ತಮ್ಮನಿಗೆ ಕೊಟ್ಟದ್ದು ಆ ಕೆಲಸ.

ಒಂದು ದಿನ ದೋಣಿ ಮಗುಚಿತು. ಒಬ್ಬರು ಕೊಚ್ಚಿಹೋದರು. ತಮ್ಮ ಹಗ್ಗ ಎಸೆದ, ಅವರು ಹಿಡಿದರು. ತಮ್ಮ ತನ್ನ ಕಡೆಯ ಹಗ್ಗವನ್ನು ಅಂಗೈಗೆ ಸುತ್ತಿಕೊಂಡಿದ್ದ. ನೀರಿನ ಸೆಳೆತಕ್ಕೆ ಅವನೂ ಬಂಡೆಯಿಂದ ಬಿದ್ದ. ದೋಣಿಯಿಂದ ಬಿದ್ದಿದ್ದವರು ಕೆಳಗೆ ಇನ್ನೊಂದು ದೋಣಿಗೆ ಸಿಕ್ಕಿ, ಹಗ್ಗ ಬಿಟ್ಟು ಬದುಕಿದರು. ಬಿಟ್ಟ ಆ ತುದಿ ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. ಈ ತುದಿ ತಮ್ಮನ ಕೈಯಲ್ಲಿ ಬಿಗಿದಿತ್ತು. ನೀರು ಅವನನ್ನು ಕೆಳಗೇ ಹಿಡಿದುಕೊಂಡಿತು.

ಬದುಕಿದವರು ನನ್ನ ಮೊಬೈಲಿಗೆ ಉದ್ದದ ಮೆಸೇಜು ಕಳಿಸಿದರು. ಕೊನೆಯಲ್ಲಿ ಕೈ ಮುಗಿಯುವ ಚಿತ್ರಗಳಿದ್ದವು. ಇವತ್ತಿನವರೆಗೆ ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ.

ಬಂದದ್ದು ಕ್ಯಾಂಪಿನ ಯಜಮಾನರು. ಬಿಳಿ ಅಂಗಿ ಹಾಕಿಕೊಂಡು, ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು, ಜಗಲಿಯ ಮೇಲೆ ನೆಲದಲ್ಲಿ ಕೂತರು. ಮೆಲ್ಲಗೆ ಮಾತಾಡಿದರು. ಹಗ್ಗವನ್ನು ಕೈಗೆ ಸುತ್ತಬಾರದೆಂದು ನಿಮ್ಮ ಮಗನಿಗೆ ಎಷ್ಟೋ ಸಲ ಹೇಳಿದ್ದೆವು, ಕಡಲಿನವನೆಂಬ ಧೈರ್ಯದಲ್ಲಿ ಅವನು ಕೇಳಲಿಲ್ಲ ಎಂದರು. ಅಮ್ಮ ಅಳುವುದನ್ನು ನಿಲ್ಲಿಸಿ ಅವರ ಮುಖ ನೋಡಿದಳು. ಆಮೇಲೆ ತಲೆ ಆಡಿಸಿ ಒಂದೇ ಮಾತು ಹೇಳಿದಳು:

“ಹೌದ್. ಅವ ಹೇಳಿದ್ ಕೇಂಬವ ಅಲ್ಲ.”

ಆ ಮಾತು ಅಮ್ಮನ ಬಾಯಲ್ಲಿ ಉಳಿದುಬಿಟ್ಟಿತು. ಮಾರ್ಕೆಟಿನಲ್ಲಿ ಮೀನಿನ ಬುಟ್ಟಿಯ ಮುಂದೆ ಕೂತು, ಪಾಪ ಅಂದವರಿಗೆಲ್ಲ ಅದನ್ನೇ ಹೇಳಿದಳು. ಚಿಕ್ಕವನಿದ್ದಾಗ ಬೇಡವೆಂದರೂ ಅಲೆಗೆ ಹಾರಿದ್ದು, ಜ್ವರದಲ್ಲಿ ಬಲೆ ಎಳೆಯಲು ಹೋದದ್ದು, ಎಲ್ಲವೂ ಈಗ ಅವಳಿಗೆ ಸಾಕ್ಷಿಯಾದವು. ಸತ್ತವರಿಗೆ ಎಲೆ ಇಟ್ಟು ಬಡಿಸುವ ದಿನ ಅವನಿಗೆ ಇಷ್ಟವಾದ ಕಾಣೆ ಮೀನನ್ನು ಹುರಿದಳು, ಎಲೆಗೆ ಹಾಕಿದಳು, ಹಾಕಿ ಮುಖ ತಿರುಗಿಸಿ ಅಂದಳು, “ತಿನ್. ಹೇಳಿದ್ ಕೇಣದಿದ್ದವ, ತಿನ್.” ಸತ್ತವನು ಬಂದು ಉಣ್ಣಲೆಂದು ಬಾಗಿಲು ಎಳೆದು ಹೊರಗೆ ಬಂದೆವು. ನನಗೆ ಅಮ್ಮನ ಮೇಲೆ ಬಂದ ಸಿಟ್ಟು ಬರೆಯುವಂಥದ್ದಲ್ಲ. ಸತ್ತವನಿಗೆ ಅನ್ನ ಹಾಕುವಾಗಲೂ ಬೈಗುಳವೇ? ಅವನು ಒಬ್ಬರನ್ನು ಬದುಕಿಸಿ ಸತ್ತವನು. ಅದು ಯಾರ ಬಾಯಲ್ಲೂ ಇರಲಿಲ್ಲ. ಸೊಕ್ಕಿನಿಂದ ಸತ್ತ ಎಂಬುದಷ್ಟೇ ಊರಲ್ಲಿ ಉಳಿಯಿತು.

ನನಗೆ ಆ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ಅದಕ್ಕೆ ಕಾರಣವಿದೆ.

ನಮ್ಮ ಕಡೆ ಕೈರಂಪಣಿ ಎಂದರೆ ದಡದಿಂದ ಎಳೆಯುವ ಬಲೆ. ದೋಣಿಯಲ್ಲಿ ಬಲೆಯನ್ನು ಒಯ್ದು ಕಡಲಿನಲ್ಲಿ ಸುತ್ತುಗಟ್ಟಿ ಬಿಡುತ್ತಾರೆ. ಆಮೇಲೆ ಎರಡು ತುದಿಯ ಹಗ್ಗಗಳನ್ನು ಮರಳಿನ ಮೇಲೆ ನಿಂತು ಊರವರೆಲ್ಲ ಎಳೆಯುವುದು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನ ಪಾಲು ಉಂಟು. ಒದ್ದೆ ಹಗ್ಗ ಜಾರುತ್ತದೆ. ಅದಕ್ಕೆ ಚಿಕ್ಕ ಮಕ್ಕಳಿಗೆ ಮೊದಲು ಕಲಿಸುವುದೇ ಅಂಗೈಗೆ ಒಂದು ಸುತ್ತು ಹಾಕುವುದನ್ನು. ನನಗೂ ತಮ್ಮನಿಗೂ ಅದನ್ನು ಕಲಿಸಿದ್ದು ಮಾವ, ಅಮ್ಮನ ಅಣ್ಣ. ಒಮ್ಮೆ ತಮ್ಮನ ಕೈಯಿಂದ ಹಗ್ಗ ಜಾರಿದಾಗ ಮಾವ ಎಲ್ಲರ ಎದುರು, “ಬಿಟ್ಟವಂಗೆ ಪಾಲಿಲ್ಲ, ಹೋಗ್, ಅಬ್ಬಿ ಸೆರಗ್ ಹಿಡ್ಕೋ” ಎಂದು ಅಮ್ಮನ ಕಡೆ ತಳ್ಳಿ ಅವನನ್ನು ಅಳಿಸಿದ್ದರು. ಅಂದಿನಿಂದ ಅವನ ಕೈಯಿಂದ ಹಗ್ಗ ಜಾರಿದ್ದನ್ನು ನಾನು ಕಂಡಿಲ್ಲ. ಬಕೆಟಿನ ಹಗ್ಗ ಹಿಡಿದರೂ ಅಂಗೈಗೆ ಒಂದು ಸುತ್ತು. ದನದ ಹಗ್ಗಕ್ಕೂ ಒಂದು ಸುತ್ತು. ಅವನಿಗೆ ಅದು ಗೊತ್ತೂ ಆಗುತ್ತಿರಲಿಲ್ಲ.

ಅವನನ್ನು ಕೆಲಸಕ್ಕೆ ಕರೆದೊಯ್ಯಲು ಕ್ಯಾಂಪಿನ ಜೀಪು ನಮ್ಮ ಮನೆಯವರೆಗೆ ಬಂದಿತ್ತು. ಮಾವ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಜೀಪಿನವನನ್ನು ಕರೆದು, “ಹ್ವಾಯ್, ನೀರಗ್ ಹುಟ್ಟಿದವಂಗೆ ನೀವ್ ಎಂತ ನೀರ್ ಕಲ್ಸುದ್?” ಎಂದರು. ಜೀಪಿನವನು ನಕ್ಕು, ಇವರೇ ನಮಗೆ ಕಲಿಸಲಿ ಎಂದ. ಎಲ್ಲರೂ ನಕ್ಕರು. ತಮ್ಮನೂ ಹೆಮ್ಮೆಯಿಂದ ಹಲ್ಲು ಬಿಟ್ಟ.

ಆದರೆ ಅವನು ಕಲಿಯುತ್ತಿದ್ದ. ಅಲ್ಲಿಂದ ನನಗೆ ಫೋನ್ ಮಾಡಿದಾಗೆಲ್ಲ ಕಲಿತದ್ದನ್ನು ನಗುತ್ತಾ ಹೇಳುತ್ತಿದ್ದ. “ಅಕ್ಕ, ಇಲ್ಲಿ ನೀರಿಗ್ ಬಿದ್ರೆ ಈಜುಕಾಗ ಅಂಬ್ರ್. ಹಾಸ್ಗಿ ಮೇಲ್ ಮಲ್ಕಂಡಂಗೆ ಮಲ್ಕಂಬುದಂಬ್ರ್, ಕಾಲ್ ಮುಂದ್ ಮಾಡ್ಕಂಡ್.” ನಿಲ್ಲಲು ಹೋದರೆ ಪಾದ ಕಲ್ಲಿನ ನಡುವೆ ಸಿಕ್ಕಿಕೊಳ್ಳುತ್ತದಂತೆ, ನೊರೆಯ ಬಿಳಿ ನೀರಿನಲ್ಲಿ ಗಾಳಿ ಇರುವುದರಿಂದ ಮೈ ತೇಲುವುದಿಲ್ಲವಂತೆ. ಒಂದೊಂದನ್ನೂ ಹೇಳುತ್ತಿದ್ದ. ಯಾರದೋ ಚೆಂದದ ಮನೆಗೆ ಹೋಗಿ ಬಂದವರು ಅಲ್ಲಿನ ಪಾತ್ರೆ ಪರಡಿಯನ್ನೆಲ್ಲ ವರ್ಣಿಸುವ ಹಾಗೆ. ಹಗ್ಗ ಸುತ್ತಬಾರದು ಎಂದು ಅವನಿಗೆ ಯಾರಾದರೂ ಹೇಳಿದ್ದರೆ ಅದನ್ನು ನನ್ನ ಹತ್ತಿರ ಹೇಳದೆ ಬಿಡುತ್ತಿದ್ದನೇ? ಮಾವನಿಗೂ ಫೋನ್ ಮಾಡಿ, ನೀ ಕಲಿಸಿದ್ದು ತಪ್ಪಂತೆ ಎಂದು ಅವರನ್ನು ರೇಗಿಸದೆ ಇರುತ್ತಿದ್ದನೇ?

ಇದನ್ನು ಅಮ್ಮನಿಗೆ ಹೇಳಿದೆ. ಅವನು ಫೋನಿನಲ್ಲಿ ಹೇಳದೆ ಬಿಟ್ಟದ್ದು ಸಾಕ್ಷಿಯಾಗುತ್ತದಾ ಎಂದಳು. ಆಗುವುದಿಲ್ಲ. ಅದಕ್ಕೇ ಈ ಮಳೆಗಾಲ ಬಂದಾಗ ನಾನೇ ಹೋಗುವುದೆಂದು ತೀರ್ಮಾನಿಸಿದೆ. ಅಕ್ಕ ಎಂದು ಹೋದರೆ ಯಜಮಾನರ ಮೆಲುದನಿ ಮತ್ತೆ ಕೇಳಬೇಕಾಗುತ್ತದೆ. ಗಿರಾಕಿಯಾಗಿ ಹೋದರೆ ಅವರು ದಿನವೂ ಏನು ಹೇಳುತ್ತಾರೆ, ಏನು ಹೇಳುವುದಿಲ್ಲ ಎಂಬುದು ಕೇಳಬಹುದು. ಅವನು ನಿಂತ ಬಂಡೆಯನ್ನೂ ನೋಡಬಹುದು.

ಜೊತೆಗೆ ಬರುತ್ತೇನೆಂದು ಮಾವ ಹಟ ಹಿಡಿದರು. ವಯಸ್ಸಾದವರನ್ನು ಅವರು ದೋಣಿಗೆ ಹತ್ತಿಸುವುದಿಲ್ಲ ಎಂದೆ. “ಅವ್ರ್ ಹತ್ತಸ್ದಿರೆ ನಾ ಈಜ್ಕಂಡ್ ಬತ್ತೆ” ಎಂದರು. ತಲೆಗೆ ಬಣ್ಣ ಹಾಕಿಕೊಂಡು ಬಂದರು. ಬಣ್ಣ ಕಿವಿಗೂ ಹತ್ತಿತ್ತು. ಕೋಟೇಶ್ವರದಲ್ಲಿ ಬಸ್ಸು ಹತ್ತಿ ಬ್ರಹ್ಮಾವರದಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಒಳಗೆ ಹೋಗುವಷ್ಟು ಹೊತ್ತೂ ಮಳೆ. ಮಾವ ಕಿಟಕಿಯ ಪರದೆ ಹಿಡಿದುಕೊಂಡು ಕೂತಿದ್ದರು.

ಕ್ಯಾಂಪಿನಲ್ಲಿ ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಏನಾದರೂ ಆದರೆ ನಾವೇ ಹೊಣೆ ಎಂದು ಅದರಲ್ಲಿತ್ತು. ಸಾಯುವುದಕ್ಕೆ ಮೊದಲೇ ತಪ್ಪು ಯಾರದೆಂದು ತೀರ್ಮಾನವಾಗಿರುತ್ತದೆ. ನನಗೆ ಕೊಟ್ಟ ಲೈಫ್ ಜಾಕೆಟಿನ ಒಂದು ಪಟ್ಟಿಯ ಹೊಲಿಗೆ ಬಿಟ್ಟಿತ್ತು. ಬೇರೆ ಕೊಡಿ ಎಂದೆ. ಅದೇನೂ ಆಗುವುದಿಲ್ಲ ಎಂದ ಕೊಡುವವನು. ದಿನವೂ ಹೊಲಿಯುವವಳು ನಾನು, ಬಿಟ್ಟ ಹೊಲಿಗೆ ಎಲ್ಲಿಯವರೆಗೆ ಹೋಗುತ್ತದೆಂದು ನನಗೆ ಗೊತ್ತು. ಅಲ್ಲಿಂದ ಕದಲದೆ ನಿಂತೆ. ಕೊನೆಗೆ ಬೇರೆಯದು ಕೊಟ್ಟ.

ನಮ್ಮ ದೋಣಿಯಲ್ಲಿ ಉಳಿದವರು ಒಂದೇ ಆಫೀಸಿನ ಹುಡುಗ ಹುಡುಗಿಯರು. ಒಳ್ಳೆಯ ಮಕ್ಕಳು. ಮಾವನಿಗೆ ಅಂಕಲ್ ಅಂಕಲ್ ಎಂದು ಹೆಲ್ಮೆಟ್ಟು ಕಟ್ಟಿಕೊಟ್ಟರು. ಅವರ ನಗು ಕೇಳಿದರೆ ನನಗೆ ಹಲ್ಲು ಕಚ್ಚುವ ಹಾಗಾಗುತ್ತಿತ್ತು. ಅವರ ಮೇಲೆ ಸಿಟ್ಟು ಮಾಡುವುದು ನ್ಯಾಯವಲ್ಲವೆಂದು ಗೊತ್ತಿದ್ದೂ ಬಂತು.

ಗೈಡ್ ಉತ್ತರದ ಬೆಟ್ಟಗಳ ಕಡೆಯವನು. ಮಳೆಗಾಲಕ್ಕೆ ಇಲ್ಲಿಗೆ ಬಂದು ಹೋಗುತ್ತಾ ಕ್ಯಾಂಪಿನ ಕನ್ನಡ ಕಲಿತಿದ್ದ. ಮರಳ ದಂಡೆಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಮಾತು ಶುರು ಮಾಡಿದ. ಹುಟ್ಟು ಹಿಡಿಯುವುದು ಹೇಗೆ, ಮುಂದೆ ಎಂದರೆ ಏನು, ಕೂರು ಎಂದರೆ ಏನು. ಬಿದ್ದರೆ ಮಲಗಿ, ಕಾಲು ಮುಂದೆ. ತಮ್ಮ ಫೋನಿನಲ್ಲಿ ಹೇಳಿದ ಮಾತುಗಳೇ ಒಂದರ ಹಿಂದೆ ಒಂದು ಅವನ ಬಾಯಿಂದ ಬಂದವು.

ಕೊನೆಗೆ ಅವನು ಹಗ್ಗದ ಚೀಲ ಎತ್ತಿಕೊಂಡ. ನಾವು ಎಸೆದರೆ ಹೇಗೆ ಹಿಡಿಯುತ್ತೀರಿ, ಯಾರಾದರೂ ಒಬ್ಬರು ಬನ್ನಿ ಎಂದ. ಹುಡುಗರು ಮಾವನನ್ನು ಮುಂದೆ ತಳ್ಳಿದರು. ಮಾವ ಹೋಗಿ ಮರಳಲ್ಲಿ ನಿಂತರು. ಹಗ್ಗ ಹಾರಿ ಬಂತು. ಮಾವ ಹಿಡಿದರು. ಹಿಡಿದ ಕೂಡಲೇ, ಮುಖ ಹೊಳೆಯ ಕಡೆಗಿದ್ದರೂ, ಅವರ ಕೈ ತಾನಾಗಿ ತಿರುಗಿ ಅಂಗೈಗೆ ಒಂದು ಸುತ್ತು ಹಾಕಿತು. ಹಿಮ್ಮಡಿ ಮರಳಲ್ಲಿ ಊರಿ ಹಿಂದಕ್ಕೆ ವಾಲಿದರು.

ಗೈಡ್ ಓಡಿ ಬಂದು ಹಗ್ಗವನ್ನು ಕಿತ್ತುಕೊಂಡ. “ಇಲ್ಲ ಇಲ್ಲ, ಸುತ್ತಬಾರ್ದು, ಸುತ್ತಿದ್ರೆ ಸಾಯ್ತೀರಿ” ಎಂದ. ಹುಡುಗರು ನಕ್ಕರು. ಗೈಡ್ ನಗಲಿಲ್ಲ. ಮಾವನ ಕೈಯನ್ನೇ ನೋಡುತ್ತಿದ್ದ. ಹಗ್ಗದ ಗುರುತು ಅಂಗೈಯಲ್ಲಿ ಬಿಳಿ ಗೆರೆಯಾಗಿತ್ತು. ಮೆಲ್ಲಗೆ ಕೇಳಿದ, “ನೀವು ಬೀಚ್ ಕಡೆಯವ್ರಾ?”

ಮಾವ ತಮ್ಮ ಕೈಯನ್ನು ತಾವೇ ನೋಡಿಕೊಳ್ಳುತ್ತಿದ್ದರು, ಯಾರದೋ ಕೈ ಎನ್ನುವ ಹಾಗೆ.

ನಾನು ಹತ್ತಿರ ಹೋಗಿ, ಹೋದ ವರ್ಷ ತೀರಿಕೊಂಡವನು ನನ್ನ ತಮ್ಮ, ಇವರು ನನ್ನ ಮಾವ, ನೀವು ಈಗ ಹೇಳಿದ್ದನ್ನು ಅವನಿಗೆ ಹೇಳಿದ್ದಿರಾ ಎಂದು ಕೇಳಿದೆ. ಗೈಡ್ ದಂಡೆಯ ಮೇಲ್ಗಡೆ ನಿಂತಿದ್ದ ಯಜಮಾನರ ಜೀಪಿನ ಕಡೆ ಒಮ್ಮೆ ನೋಡಿದ. ದೋಣಿ ಹತ್ತಿ ಅಕ್ಕ, ಕೆಳಗೆ ಮಾತಾಡೋಣ ಎಂದ.

ದೋಣಿ ಹೊರಟಿತು. ಹೊಳೆ ಮೊದಲು ಅಗಲವಾಗಿ, ಕೆಂಪಾಗಿ, ಸುಮ್ಮನೆ ಹರಿಯುತ್ತಿತ್ತು. ಎರಡೂ ಕಡೆ ಕಾಡು ನೀರಿಗೆ ಬಾಗಿತ್ತು. ಆಮೇಲೆ ಬಂಡೆಗಳು ಹತ್ತಿರ ಹತ್ತಿರ ಬಂದವು. ಆಕಾಶ ಒಂದು ಪಟ್ಟಿಯಷ್ಟಾಯಿತು. ಮುಂದೆ ಎಲ್ಲಿಂದಲೋ ಸದ್ದು ಏಳುತ್ತಿತ್ತು. ಕಡಲಿನ ಸದ್ದಿಗೆ ಒಂದು ಏರಿಳಿತವಿದೆ, ಅಲೆ ಬಂದು ಹೋಗುವ ನಡುವೆ ಉಸಿರಾಡಲು ಜಾಗವಿದೆ. ಈ ಸದ್ದಿಗೆ ಬಿಡುವೇ ಇಲ್ಲ. ಕಡಲು ಕೊಂಡುಹೋದದ್ದನ್ನು ವಾಪಸು ತರುತ್ತದೆ, ನಮ್ಮ ಈಜು, ನಮ್ಮ ಧೈರ್ಯ ಎಲ್ಲ ಆ ಲೆಕ್ಕದ ಮೇಲೆ ನಿಂತದ್ದು. ಇಲ್ಲಿಯ ನೀರು ಒಂದೇ ಕಡೆಗೆ ಹೋಗುತ್ತದೆ. ಇದನ್ನು ತಿಳಿಯದ ನಾವು ಅವನನ್ನು ನೀರಲ್ಲೇ ಹುಟ್ಟಿದವನು ಎಂದು ನಗುತ್ತಾ ಕಳಿಸಿದ್ದೆವು.

ಮೊದಲ ಇಳಿಜಾರಿನಲ್ಲಿ ದೋಣಿ ಮೂತಿ ಬಗ್ಗಿಸಿ ಕೆಳಗೆ ಬಿತ್ತು. ನೀರು ಎದೆಗೆ ಹೊಡೆಯಿತು. ಗೈಡ್ ಹಿಂದಿನಿಂದ ಕೂಗಿದ ಹಾಗೆ ಹುಟ್ಟು ಹಾಕಿದೆ. ನನಗೆ ಭಯವಾಗಲಿಲ್ಲ. ಆಗಬೇಕಿತ್ತು, ಆದರೆ ಸಿಟ್ಟು ಅದಕ್ಕೆ ಜಾಗ ಬಿಡಲಿಲ್ಲ. ಹುಡುಗರು ಕಿರುಚಿದರು, ಒಬ್ಬನ ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿತ್ತು. ಮಾವ ಮಾತ್ರ ದೋಣಿಯ ಅಂಚಿನ ಹಗ್ಗವನ್ನು ಬೆರಳ ತುದಿಯಿಂದ, ಬಿಸಿ ಪಾತ್ರೆ ಮುಟ್ಟುವ ಹಾಗೆ ಹಿಡಿದುಕೊಂಡಿದ್ದರು.

ಎರಡನೆಯ ತಿರುವಿನಲ್ಲಿ ಎಡಕ್ಕೆ ಒಂದು ಬಂಡೆ ಕಂಡಿತು. ಅದರ ಮೇಲೆ ಹಳದಿ ಜಾಕೆಟ್ಟಿನ ಒಬ್ಬ ಹಗ್ಗದ ಚೀಲ ಹಿಡಿದು ನಿಂತಿದ್ದ. ಯಾರೂ ಹೇಳದೆ ನನಗೆ ಗೊತ್ತಾಯಿತು. ಬಂಡೆ ನುಣುಪಾಗಿತ್ತು, ಕಾಲು ಊರಲು ಒಂದು ಹಳ್ಳವೂ ಇರಲಿಲ್ಲ. ಮರಳಿನಲ್ಲಿ ಹಿಮ್ಮಡಿ ಊರಿ ಎಳೆದವನನ್ನು ಇಲ್ಲಿ ತಂದು ನಿಲ್ಲಿಸಿದ್ದರು. ನೋಡಿದ್ದು ಅಷ್ಟೇ ಹೊತ್ತು. ಹುಡುಗಿಯೊಬ್ಬಳು ಆ ಬಂಡೆಯ ಮೇಲಿನವನಿಗೆ ಕೈ ಬೀಸಿದಳು. ಅವನೂ ಬೀಸಿದ. ದೋಣಿ ನೊರೆಯೊಳಗೆ ಮುಳುಗಿ ಎದ್ದು ಆಚೆ ಬಂತು.

ಕೆಳಗೆ ಒಂದು ಮಡು. ನೀರು ಅಲ್ಲಿ ಸುಸ್ತಾದ ಹಾಗೆ ನಿಂತಿರುತ್ತದೆ. ಹುಡುಗರೆಲ್ಲ ನೀರಿಗೆ ಹಾರಿ ತೇಲಿಕೊಂಡು ದೂರ ಹೋದರು. ದೋಣಿಯಲ್ಲಿ ನಾವು ಮೂವರೇ. ಮಾವ ಮುಂಬೈಯ ಬಂದರಿನಲ್ಲಿ ಕೆಲವು ವರ್ಷ ಮೀನು ಹೊತ್ತವರು, ಅಲ್ಲಿಯ ಹಿಂದಿಯಲ್ಲಿ ಗೈಡನನ್ನು ಮಗನೇ ಎಂದು ಕರೆದು, ಇದ್ದದ್ದನ್ನು ಹೇಳು ಎಂದರು.

ಅವನು ಹೇಳಿದ. ಹೊಸದಾಗಿ ಬರುವ ಕೆಲಸಗಾರರಿಗೆ ಮಳೆಗಾಲ ಶುರುವಾಗುವ ಮುಂಚೆ ಹಗ್ಗದ ಅಭ್ಯಾಸ ಮಾಡಿಸುತ್ತಾರೆ. ತಮ್ಮ ಸೇರಿದ್ದು ನಡುವಿನಲ್ಲಿ, ಯಾರೋ ಬಿಟ್ಟುಹೋದ ಜಾಗಕ್ಕೆ. ಮೀನುಗಾರರ ಹುಡುಗ, ಇವನಿಗೆ ಅಭ್ಯಾಸ ಯಾಕೆ ಎಂದು ಯಜಮಾನರು ನೇರವಾಗಿ ಬಂಡೆಯ ಮೇಲೆ ನಿಲ್ಲಿಸಿದರು. ಮಲಗಿ ತೇಲುವುದು ಇತ್ಯಾದಿ ಅವನು ಕಲಿತದ್ದು ಗಿರಾಕಿಗಳಿಗೆ ಹೇಳುವುದನ್ನು ಪಕ್ಕದಲ್ಲಿ ನಿಂತು ಕೇಳಿ. ಆಗ ಆ ಮಾತಿನಲ್ಲಿ ಹಗ್ಗದ ವಿಷಯ ಇರಲಿಲ್ಲ. ಅದನ್ನು ಸೇರಿಸಿದ್ದು ಅವನು ಸತ್ತ ಮೇಲೆ, ಈ ಗೈಡ್ ತಾನೇ. ಇಷ್ಟನ್ನು ಹಿಂದಿಯಲ್ಲಿ ಹೇಳಿದವನು ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದ:

“ಹೇಳಿಲ್ಲ ಅಕ್ಕ. ನಾನೂ ಹೇಳಿಲ್ಲ. ಯಾರೂ ಹೇಳಿಲ್ಲ.”

ಮಾವ ಹೆಲ್ಮೆಟ್ಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಮಳೆಗೆ ತಲೆಯ ಬಣ್ಣ ಕರಗಿ ಕಪ್ಪಾಗಿ ಕುತ್ತಿಗೆಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ನಾನು ಹೇಳಿದೆ ಎಂದು ಯಜಮಾನರಿಗೆ ತಿಳಿದರೆ ನನ್ನ ಕೆಲಸ ಹೋಗುತ್ತದೆ ಎಂದ ಗೈಡ್. ತಿಳಿಯುವುದಿಲ್ಲ ಎಂದೆ.

ಬೀಜಾಡಿಯ ಮನೆಗೆ ಬಂದಾಗ ಅಮ್ಮ ಹಿತ್ತಲಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಹೇಳಿದೆ. ತೊಳೆಯುವುದನ್ನು ನಿಲ್ಲಿಸದೆ ಕೇಳಿದಳು. ಆಮೇಲೆ ಮಾವನ ಕಡೆ ತಿರುಗಿದಳು.

“ನೀ ಕೆಮಿಯಾರೆ ಕೇಂಡ್ಯಾ?”

“ಕೇಂಡೆ.”

“ಎಂತ ಕೇಂಡೆ?”

“ಅವಂಗ್ ಯಾರೂ ಹೇಳ್ಲಿಲ್ಲ. ನಾ ಕಲ್ಸಿದ್ದೇ ಮಾಡಿದ ಅವ.”

ಅಮ್ಮ ಬುಟ್ಟಿಯನ್ನು ಕವುಚಿ ಹಾಕಿ ಅದರ ಮೇಲೆ ಕೂತುಬಿಟ್ಟಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

“ಮತ್ ಆ ಮನ್ಷ ನನ್ ಜಗಲಿ ಮೇಲ್ ಕೂಕಂಡ್, ನನ್ ಚಾ ಕುಡ್ದ್, ಅವ ಕೇಣ್ಲಿಲ್ಲ ಅಂದ್ ಹೇಳಿದ್ ಎಂತಕೆ?”

ಅದಕ್ಕೆ ಉತ್ತರ ಕೇಳಲು ಅಮ್ಮ ಮಾರನೆಯ ದಿನ ಮಾರ್ಕೆಟಿಗೆ ಹೋಗದೆ, ಒಳ್ಳೆಯ ಸೀರೆ ಉಟ್ಟು, ನಮ್ಮಿಬ್ಬರನ್ನು ಕರೆದುಕೊಂಡು ಕ್ಯಾಂಪಿಗೆ ಹೊರಟಳು.

ಯಜಮಾನರು ಕುರ್ಚಿ ಹಾಕಿಸಿದರು. ಅಮ್ಮ ಕೂರಲಿಲ್ಲ. ನಿಂತುಕೊಂಡೇ, ನನ್ನ ಮಗನಿಗೆ ಹಗ್ಗದ ಬಗ್ಗೆ ಹೇಳಿದ್ದು ಯಾರು, ಅವರನ್ನು ಕರೆಯಿರಿ, ಎಂದಳು. ಯಜಮಾನರು ಎಲ್ಲರಿಗೂ ಹೇಳುತ್ತೇವೆ ಎಂದರು. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಅಮ್ಮ ಮತ್ತೆ ಕೇಳಿದಳು. ಮೀನಿನ ದರಕ್ಕೆ ಚರ್ಚೆ ಮಾಡುವವರ ಮುಂದೆ ಒಂದೇ ಮಾತಿಗೆ ನಿಲ್ಲುವುದು ಅವಳಿಗೆ ಇಡೀ ಬದುಕಿನ ಅಭ್ಯಾಸ. ಕೊನೆಗೆ ಯಜಮಾನರಿಗೆ ರೇಗಿತು.

“ಅಲ್ಲಮ್ಮ, ನೀವು ಮೀನುಗಾರರು. ನಿಮ್ಮವರಿಗೆ ಹಗ್ಗ ಹಿಡಿಯುವುದನ್ನೂ ನಾವು ಹೇಳಿಕೊಡಬೇಕಾ? ಯಾರು ನಿಮ್ಮ ತಲೆಗೆ ಇದನ್ನು ತುಂಬಿದ್ದು?”

ಅಮ್ಮ ಅಂದಳು, “ಯಾರೂ ತುಂಬ್ಲಿಲ್ಲ. ಈಗ ನಿಮ್ ಬಾಯೇ ಹೇಳ್ತ್.”

ಅವರಿಗೆ ತಾವು ಏನು ಹೇಳಿದೆವೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮತ್ತೆ ಮೆಲುದನಿಗೆ ಇಳಿದು, ಏನಾದರೂ ಸಹಾಯ ಬೇಕಿದ್ದರೆ ಎಂದು ಶುರು ಮಾಡಿದರು. ಅಮ್ಮ ಕೇಳಿದ್ದು ಒಂದೇ. ಗಿರಾಕಿಗಳಿಗೆ ಹಗ್ಗ ತೋರಿಸುವಾಗ, ಇಲ್ಲೊಬ್ಬನಿಗೆ ಇದನ್ನು ನಾವು ಹೇಳಿರಲಿಲ್ಲ, ಅದಕ್ಕೆ ಅವನು ಸತ್ತ ಎಂದು ಹೇಳಬೇಕು. ಅಷ್ಟು ಸಾಕು. ಮಜಾ ಮಾಡಲು ಬಂದವರ ಮುಂದೆ ಸಾವಿನ ಮಾತು ಆಡಿದರೆ ಕ್ಯಾಂಪು ಮುಚ್ಚಬೇಕಾಗುತ್ತದೆ ಎಂದರು ಯಜಮಾನರು. ಮುಚ್ಚಿದರೆ ಮುಚ್ಚಲಿ ಎಂದು ನಾನು ಅಂದೆ. ಆ ಇಡೀ ಹೊತ್ತಿನಲ್ಲಿ ನಾನು ಆಡಿದ ಮಾತು ಅದೊಂದೇ, ಅದೂ ಜೋರಾಗಿ ಬಂತು. ಹೊರಗಿದ್ದ ಗಿರಾಕಿಗಳು ತಿರುಗಿ ನೋಡಿದರು.

ಆ ಭಾನುವಾರ, ಅವರು ಹಾಗೆ ಹೇಳುತ್ತಾರೋ ಇಲ್ಲವೋ ಎಂದು ಕೇಳಲು ನಾವು ಮತ್ತೆ ಹೋದೆವು. ಕ್ಯಾಂಪಿಗಲ್ಲ, ಕೆಳಗೆ ದೋಣಿ ಇಳಿಸುವ ಮರಳಿನ ದಂಡೆಗೆ. ಅದು ಯಾರ ಜಾಗವೂ ಅಲ್ಲ, ದನ ತೊಳೆಯುವವರೂ ಬಟ್ಟೆ ಒಗೆಯುವವರೂ ಬರುವ ದಂಡೆ. ಯಜಮಾನರು ಒಬ್ಬನನ್ನು ಕಳಿಸಿದರು. ಅವನು ಅಮ್ಮನ ಹತ್ತಿರ ಬಂದು, ಇಲ್ಲಿ ನಿಲ್ಲುವಂತಿಲ್ಲ ಎಂದ. ಮಾವ ಎಲೆಯಡಿಕೆ ಉಗುಳಿ, “ಹೊಳಿ ನಿನ್ ಧಣಿ ಅಗೆಸಿದ್ದಾ ಮಾರಾಯ?” ಎಂದು ಕೇಳಿದರು. ಅವನು ತಿರುಗಿ ಮೇಲೆ ಹೋದ.

ಗೈಡ್ ಗಿರಾಕಿಗಳನ್ನು ಸಾಲಾಗಿ ನಿಲ್ಲಿಸಿದ. ನಮ್ಮ ಕಡೆ ನೋಡಲಿಲ್ಲ. ಹುಟ್ಟಿನ ಮಾತಾಯಿತು, ಬೀಳುವ ಮಾತಾಯಿತು. ಹಗ್ಗದ ಚೀಲ ತೆಗೆದು, ಕೈಗೆ ಸುತ್ತಬಾರದು ಎಂದು ಸರಿಯಾಗಿ, ಎರಡು ಸಲ, ಹೇಳಿದ. ಹೇಳಿ ಒಬ್ಬ ಎತ್ತರದ ಹುಡುಗನ ಕಡೆಗೆ ಎಸೆದ. ಆ ಹುಡುಗ ಹಿಡಿದ. ಜಾರಿತೆಂದು ಕಾಣುತ್ತದೆ, ಅಂಗೈಗೆ ಒಂದು ಸುತ್ತು ಹಾಕಿಕೊಂಡು ಗಟ್ಟಿಯಾಗಿ ನಿಂತ. ಅವನು ಕಡಲಿನವನಲ್ಲ, ಮೀನು ಹಿಡಿಯುವವನಲ್ಲ. ಆಗಷ್ಟೇ ಹೇಳಿಸಿಕೊಂಡವನು.

ಗೈಡ್ ಬಾಯಿ ತೆರೆಯುವ ಮುಂಚೆ ಅಮ್ಮ ಹೋಗಿ ಆಗಿತ್ತು. ಸೀರೆ ಎತ್ತಿ ಕಟ್ಟಿ, ಒದ್ದೆ ಮರಳಲ್ಲಿ ದಾಪುಗಾಲು ಹಾಕಿ ಆ ಹುಡುಗನ ಮುಂದೆ ನಿಂತಳು. ಅವನ ಮಣಿಕಟ್ಟು ಹಿಡಿದು, ಬಲೆಯಿಂದ ಏಡಿ ಬಿಡಿಸುವಾಗಿನ ಹಾಗೆ, ಬೆರಳು ಒಂದೊಂದಾಗಿ ಎಬ್ಬಿಸಿ ಹಗ್ಗ ಬಿಚ್ಚಿದಳು. ಅವನು ಗಾಬರಿಯಾಗಿ ಸಾರಿ ಆಂಟಿ ಎಂದ. ಅಮ್ಮ ಅವನನ್ನು ನೋಡುತ್ತಿರಲಿಲ್ಲ. ಹಗ್ಗವನ್ನು ನೋಡುತ್ತಿದ್ದಳು.

“ಹೇಳಿರೂ ಕೈ ಸುತ್ತತ್ತ್” ಎಂದಳು. ಆಮೇಲೆ ಮೇಲೆ ಜೀಪಿನ ಹತ್ತಿರ ನಿಂತಿದ್ದ ಬಿಳಿ ಅಂಗಿಯ ಕಡೆ ಮುಖ ಎತ್ತಿದಳು. ಓಣಿಯ ಆ ತುದಿಯ ಮನೆಗೂ ಕೇಳುವಂತೆ ಮೀನು ಕೂಗುವ ದನಿ ಅವಳದು, ಹೊಳೆಯ ಸದ್ದಿಗೆ ಬಗ್ಗಲಿಲ್ಲ.

“ನನ್ ಮಗ ಹೇಳಿದ್ ಕೇಣದ್ದವ ಅಲ್ಲ. ಅವಂಗ್ ಇವ್ರ್ ಯಾರೂ ಹೇಳ್ಲಿಲ್ಲ.”

ಸಾಲಿನಲ್ಲಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೋ ಎತ್ತಿದ್ದ ಮೊಬೈಲು ಕೆಳಗಿಳಿಯಿತು. ಎತ್ತರದ ಹುಡುಗ ಕೈ ಉಜ್ಜಿಕೊಳ್ಳುತ್ತಾ, ಯಾರಿಗೆ ಏನು ಹೇಳಲಿಲ್ಲ ಎಂದು ಗೈಡನನ್ನು ಕೇಳಿದ. ಗೈಡ್ ಜೀಪಿನ ಕಡೆ ನೋಡಿದ, ಅಮ್ಮನ ಕಡೆ ನೋಡಿದ. ಹಗ್ಗವನ್ನು ಚೀಲಕ್ಕೆ ತುಂಬುತ್ತಾ ತನ್ನ ಕ್ಯಾಂಪಿನ ಕನ್ನಡದಲ್ಲಿ ಹೇಳಲು ಶುರು ಮಾಡಿದ.